ಗೈವಾನ್‌ನಲ್ಲಿ ಟೀ: ಮುಚ್ಚಳ ಹಿಡಿಯಲು ಕಲಿತದ್ದು

ಚೀನಾದ ಚೆಂಗ್ಡುವಿನಲ್ಲಿ ಕೆಲಸಕ್ಕಿದ್ದ ಎರಡು ವರ್ಷ ನಾನು ಕುಡಿದ ಟೀಗೆ ಹಾಲೂ ಇರಲಿಲ್ಲ, ಸಕ್ಕರೆಯೂ ಇರಲಿಲ್ಲ. ಶುರುವಾದದ್ದು ಪೀಪಲ್ಸ್ ಪಾರ್ಕಿನ ಹೆಮಿಂಗ್ ಟೀ ಅಂಗಡಿಯಲ್ಲಿ. ಬಿದಿರಿನ ಕುರ್ಚಿ, ಮಲ್ಲಿಗೆ ಟೀ, ಅದನ್ನು ತುಂಬಿಕೊಂಡ ಗೈವಾನ್. ತಟ್ಟೆ, ಹಿಡಿ ಇಲ್ಲದ ಬಟ್ಟಲು, ಮುಚ್ಚಳ, ಇಷ್ಟೇ. ಮುಚ್ಚಳ ಆಕಾಶ, ತಟ್ಟೆ ಭೂಮಿ, ನಡುವಿನ ಬಟ್ಟಲು ಮನುಷ್ಯ ಅಂತ ಅಲ್ಲಿ ಹೇಳುತ್ತಾರೆ. ಪಕ್ಕದ ಮೇಜಿನ ಅಜ್ಜ ಮುಚ್ಚಳದ ಅಂಚಿನಿಂದ ಎಲೆಗಳನ್ನು ಆಚೆ ಸರಿಸಿ, ಆ ಸಂದಿನಿಂದಲೇ ಹೀರುತ್ತಿದ್ದರು. ನಾನು ಅವರ ಕೈಯನ್ನೇ ನೋಡುತ್ತಾ ಕೂತೆ.

ಮನೆಗೆ 110 ಮಿಲಿ ಹಿಡಿಯುವ ಬಿಳಿ ಪಿಂಗಾಣಿಯದನ್ನು ತಂದೆ. ಪಿಂಗಾಣಿ ವಾಸನೆ ಹೀರಿಕೊಳ್ಳುವುದಿಲ್ಲ, ಹಾಗಾಗಿ ಎಲ್ಲ ಟೀಗೂ ಒಂದೇ ಸಾಕು. ಕೊಳ್ಳುವಾಗ ಅಂಚು ಹೊರಗೆ ಚಾಚಿದೆಯಾ ನೋಡಿ. ಬೆರಳು ಉಳಿಯುವುದು ಅದರಿಂದ. ಮೊದಲ ವಾರ ನಾನು ಅಂಚಿನವರೆಗೂ ನೀರು ತುಂಬಿ ಬೆರಳು ಸುಟ್ಟುಕೊಂಡೆ. ನೀರು ಮುಚ್ಚಳ ಕೂರುವ ಜಾಗದಿಂದ ಕೆಳಗೇ ನಿಲ್ಲಬೇಕು. ಹೆಬ್ಬೆರಳು, ನಡುಬೆರಳು ಅಂಚಿಗೆ, ತೋರುಬೆರಳು ಮುಚ್ಚಳದ ಗುಬುಟಿಗೆ. ಸ್ಟೀಲ್ ಲೋಟದ ಬಿಸಿ ಕಾಫಿಯನ್ನು ಅಂಚಲ್ಲಿ ಹಿಡಿದು ಬೆಳೆದ ಕೈಗೆ ಇದು ಬೇಗ ಒಗ್ಗುತ್ತದೆ. ಆದರೂ ಮೊದಲು ತಣ್ಣೀರಲ್ಲಿ ಹತ್ತು ಸಲ ಬಗ್ಗಿಸಿ ನೋಡಿ.

ಗೈವಾನ್‌ಗೆ ಹೇಳಿ ಮಾಡಿಸಿದ ಟೀ ಅಂದರೆ ನನಗೆ ಹಸಿರು ಟೀಗೂ ಕಪ್ಪು ಟೀಗೂ ನಡುವಿನ ಊಲಾಂಗ್, ಅದರಲ್ಲೂ ಫುಜಿಯಾನ್‌ನ ಆನ್‌ಶಿಯಲ್ಲಿ ಬೆಳೆಯುವ ತಿಯೆಗ್ವಾನ್‌ಯಿನ್. ಎಲೆಗಳು ಕಡಲೆಕಾಳಿನಷ್ಟು ದಪ್ಪಕ್ಕೆ ಸುರುಟಿಕೊಂಡಿರುತ್ತವೆ. 6 ಗ್ರಾಂ ಹಾಕಿದರೆ ತಳ ಮುಚ್ಚುವುದೇ ಕಷ್ಟ ಅನ್ನಿಸುತ್ತದೆ, ಜಾಸ್ತಿ ಹಾಕಲು ಕೈ ಹೋಗುತ್ತದೆ. ಹಾಕಬೇಡಿ. ಕುದಿಯುವ ನೀರು ಸುರಿದು, ಮುಚ್ಚಿ, 20 ಸೆಕೆಂಡ್ ಬಿಟ್ಟು, ಮುಚ್ಚಳ ಕೂದಲೆಳೆಯಷ್ಟು ಓರೆ ಮಾಡಿ ಚಿಕ್ಕ ಜಗ್‌ಗೆ ಕೊನೆಯ ಹನಿಯವರೆಗೂ ಬಗ್ಗಿಸುತ್ತೇನೆ. ಅದೇ ಎಲೆಗೆ ಮತ್ತೆ ಮತ್ತೆ ನೀರು ಹಾಕುವುದಲ್ವಾ, ಒಳಗೆ ನೀರು ಉಳಿದರೆ ಮುಂದಿನ ಸುತ್ತು ಒಗರು. ಆಮೇಲೆ ಮುಚ್ಚಳದ ಒಳಮೈಯನ್ನು ಮೂಗಿಗೆ ಹಿಡಿಯಿರಿ. ಹೂವಿನ ಘಮ ಟೀಗಿಂತ ಅಲ್ಲೇ ದಟ್ಟವಾಗಿರುತ್ತದೆ! ಮೂರನೇ ಸುತ್ತಿಗೆ ಎಲೆಗಳು ಬಿಚ್ಚಿಕೊಂಡು ಮುಚ್ಚಳವನ್ನು ಮೇಲೆತ್ತುತ್ತವೆ. ಆರೇಳು ಸುತ್ತು ಆರಾಮಾಗಿ ಬರುತ್ತದೆ, ಪ್ರತಿ ಸಲ ಸ್ವಲ್ಪ ಹೊತ್ತು ಹೆಚ್ಚಿಗೆ ಬಿಟ್ಟರಾಯಿತು.

ಇದೇ ರೀತಿ ಹ್ಯಾಂಗ್‌ಝೌನ ಲೊಂಗ್‌ಜಿಂಗ್ ಮಾಡಿ ಕೆಡಿಸಿದ್ದೆ. ಹಸಿರು ಟೀ ಅಲ್ವಾ, ಕುದಿನೀರು ಹಾಕಿ ಮುಚ್ಚಿದರೆ ಬೆಂದ ಸೊಪ್ಪಿನ ವಾಸನೆ, ಮೇಲೆ ಕಹಿ. ಈಗ 3 ಗ್ರಾಂ ಎಲೆಗೆ 80 ಡಿಗ್ರಿ ನೀರು. ಮುಚ್ಚಳ ಪಕ್ಕಕ್ಕೆ. ಚಪ್ಪಟೆ ಎಲೆಗಳು ನೀರಲ್ಲಿ ನಿಧಾನ ನೆಟ್ಟಗಾಗುವುದನ್ನು ನೋಡುತ್ತಾ ಕೂರಬಹುದು. ಯುನ್ನಾನ್‌ನ ವರ್ಷಗಟ್ಟಲೆ ಇಟ್ಟು ಹಳೆಯದಾಗಿಸಿದ ಪುಎರ್ ಟೀಗೆ ಇಷ್ಟು ನಾಜೂಕು ಬೇಡ. ಕುದಿನೀರಲ್ಲಿ ಒಮ್ಮೆ ತೊಳೆದು ಚೆಲ್ಲಿ, ನಂತರ ಹತ್ತು ಹತ್ತು ಸೆಕೆಂಡಿಗೆ ಬಗ್ಗಿಸಿದರೆ ಆಯಿತು.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಬೋರ್‌ವೆಲ್ ನೀರಲ್ಲಿ ಲೊಂಗ್‌ಜಿಂಗ್ ಮಾಡಿದೆ. ಅದೇ ಎಲೆ, ಅದೇ ಬಟ್ಟಲು. ಮೇಲೆ ತೆಳ್ಳಗೆ ಪೊರೆ ಕಟ್ಟಿತು, ರುಚಿ ಸಪ್ಪೆ. ಗಡಸು ನೀರಿನ ಕೆಲಸ ಅದು. ಈಗ ಟೀಗೆ ಅಂತಲೇ ಬೇರೆ ಕ್ಯಾನ್ ನೀರು ತರಿಸುತ್ತೇನೆ.