ಏರ್ ಗನ್‌ಗೆ ಬಲ ಸಾಲದಿದ್ದರೆ ಮೊದಲು ಕಪ್ಲರ್ ನೋಡಿ

ಹಾಸನ, ಸಕಲೇಶಪುರ ಕಡೆ ಗ್ಯಾರೇಜು, ಪಂಕ್ಚರ್ ಅಂಗಡಿ ನಡೆಸುವವರಿಗೆ ಒಂದು ಸಲಹೆ. ಜೀಪಿನ ಚಕ್ರದ ನಟ್ ಬಿಚ್ಚಲು ಅರ್ಧ ಇಂಚಿನ ಇಂಪ್ಯಾಕ್ಟ್ ಗನ್ ಏದುಸಿರು ಬಿಡುತ್ತಿದ್ದರೆ, ದೊಡ್ಡ ಕಂಪ್ರೆಸರ್‌ಗೆಂದು ಸಾಲ ಮಾಡಲು ಹೊರಡಬೇಡಿ. ಗನ್ನಿನ ಬುಡಕ್ಕೆ ಒತ್ತಡ ತೋರಿಸುವ ಗೇಜ್ ಹಾಕಿ, ಟ್ರಿಗರ್ ಒತ್ತಿ ಹಿಡಿದು ನೋಡಿ. ಇಂಥ ಗನ್‌ಗಳಿಗೆ ಸಾಮಾನ್ಯವಾಗಿ ಓಡುವಾಗಲೇ 90 ಪಿಎಸ್‌ಐ ಒತ್ತಡ ಬೇಕು. ನಿಂತಾಗ 90 ತೋರಿಸಿ ಓಡುವಾಗ ಮುಳ್ಳು ಕುಸಿದರೆ, ದಾರಿಯಲ್ಲಿ ಎಲ್ಲೋ ಗಾಳಿಗೆ ಅಡ್ಡಿಯಿರಬಹುದು.

ಬಹಳ ಸಲ ಅದು ಕಪ್ಲರ್ (ಪೈಪಿನ ತುದಿಯ ಜೋಡಣೆ) ಮತ್ತು ಪ್ಲಗ್ (ಅದರೊಳಗೆ ಕೂರುವ, ಗನ್ನಿನ ಬುಡದ ತುಂಡು). ಕೊಳ್ಳುವಾಗ ಎಲ್ಲರೂ ಥ್ರೆಡ್ ಅಳತೆಯನ್ನಷ್ಟೇ ಕೇಳುತ್ತಾರೆ. ನೋಡಬೇಕಾದದ್ದು ಒಳಗಿನ ತೂತು. ತೂತಿನ ವ್ಯಾಸ ಅರ್ಧವಾದರೆ ಗಾಳಿ ಹರಿಯುವ ಜಾಗ ಕಾಲು ಭಾಗಕ್ಕಿಳಿಯುತ್ತದೆ. ಒಳತೂತು ದೊಡ್ಡದಿರುವ ಹೈ ಫ್ಲೋ ಕಪ್ಲರ್ ಕೇಳಿ, ಜೋಡಿಗೆ ಅದೇ ಮಾದರಿಯ ಪ್ಲಗ್ಗನ್ನೇ ತೆಗೆದುಕೊಳ್ಳಿ. ಬೇರೆ ಮಾದರಿಯದು ಒಳಗೆ ಹೋದಂತೆ ಕಂಡರೂ ಸೋರಬಹುದು, ಇಲ್ಲವೇ ಒತ್ತಡಕ್ಕೆ ಕಳಚಿ ಸಿಡಿಯಬಹುದು. ಪೈಪಿನ ಒಳವ್ಯಾಸ 10 ಮಿ.ಮೀ.ಗಿಂತ ಕಡಿಮೆ ಬೇಡ.

ಇಂಪ್ಯಾಕ್ಟ್ ಗನ್ನಿಗೆ ಹಿತ್ತಾಳೆಗಿಂತ ಉಕ್ಕಿನ ಪ್ಲಗ್ ವಾಸಿ, ಬಡಿತಕ್ಕೆ ಬೇಗ ಸವೆಯುವುದಿಲ್ಲ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಉಕ್ಕಿಗೆ ತುಕ್ಕು ಬೇಗ ಹಿಡಿಯುತ್ತದೆ. ಆದ್ದರಿಂದ ಕಂಪ್ರೆಸರ್ ಟ್ಯಾಂಕಿನಲ್ಲಿ ನಿಲ್ಲುವ ನೀರನ್ನು ಪ್ರತಿದಿನ ಹೊರಬಿಡಿ.