ಕಂದು ಬಾರದ ಸ್ಲೈಡುಗಳು

ಶಿವಮೊಗ್ಗದಲ್ಲಿ ಪೆಥಾಲಜಿ ಪಿಜಿ ಮಾಡುವಾಗ ನನ್ನ ಥೀಸಿಸ್ ವಿಷಯ ಕೇಳಿ ರೂಮ್‌ಮೇಟ್ ನಕ್ಕಿದ್ದಳು. ಎಚ್‌ಪಿವಿ ಎಂಬ ವೈರಸ್ ತಗುಲಿದ ಗರ್ಭಕೊರಳಿನಿಂದ ಪರೀಕ್ಷೆಗೆ ತೆಗೆದ ತುಂಡುಗಳಲ್ಲಿ (ಬಯಾಪ್ಸಿಗಳಲ್ಲಿ) ಎರಡು ಪ್ರೋಟೀನುಗಳು, ಈಸ್ಟ್ರೋಜನ್ ಹಾರ್ಮೋನನ್ನು ಹಿಡಿಯುವ ಈಸ್ಟ್ರೋಜನ್ ರಿಸೆಪ್ಟರ್ ಮತ್ತು ಜೀವಕೋಶಕ್ಕೆ ಬೆಳೆಯಲು ಸೂಚನೆ ಕೊಡುವ ಇಜಿಎಫ್ಆರ್, ಎಲ್ಲೆಲ್ಲಿ ಕಾಣುತ್ತವೆ ಎಂದು ನೋಡುವುದು ನನ್ನ ಕೆಲಸ. ಆಯಾ ಪ್ರೋಟೀನಿಗೆ ಅಂಟುವ ಆಂಟಿಬಾಡಿ ಹಾಕಿದರೆ ಅದು ಇರುವಲ್ಲಿ ಕಂದು ಬಣ್ಣ ಬರುತ್ತದೆ, ಇಲ್ಲದಲ್ಲಿ ಬರೀ ನೀಲಿ. "ಗರ್ಭಕೊರಳಿನ ಕ್ಯಾನ್ಸರಿಗೆ ವೈರಸ್ಸೇ ಕಾರಣ ಅಂತ ಗೊತ್ತಿರುವಾಗ ಹಾರ್ಮೋನ್ ಯಾಕೇ ಬೇಕು ನಿಂಗೆ?" ಎಂದಿದ್ದಳು.

ಯಾಕೆಂದರೆ ವೈರಸ್ ಒಂದೇ ಸಾಲದು. ತಗುಲಿದ ಹೆಚ್ಚಿನ ಹೆಂಗಸರಲ್ಲಿ ಅದು ತಾನಾಗಿಯೇ ಹೋಗಿಬಿಡುತ್ತದೆ. ಎಚ್‌ಪಿವಿ 16ರ ಜೀನ್ ಸೇರಿಸಿದ ಇಲಿಗಳಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಬಂದದ್ದು ಜೊತೆಗೆ ಈಸ್ಟ್ರೋಜನ್ ಕೊಟ್ಟಾಗ. ಇನ್ನು ವೈರಸ್ಸಿನ ಇ5 ಪ್ರೋಟೀನು ಇಜಿಎಫ್ಆರ್ ಕೊಡುವ 'ಬೆಳೆ, ಬೆಳೆ' ಎಂಬ ಸೂಚನೆಯನ್ನು ಇನ್ನಷ್ಟು ಜೋರು ಮಾಡುತ್ತದೆ.

ಕೆಲಸ ಶುರುವಾದದ್ದು ಜುಲೈನಲ್ಲಿ. ಮಲೆನಾಡಿನ ಜುಲೈ! ತುಂಡಿನಿಂದ ಕೊಯ್ದ ಮೂರು ಮೈಕ್ರಾನ್ ದಪ್ಪದ ಪದರ (ಸೆಕ್ಷನ್) ಗಾಜಿನ ಸ್ಲೈಡಿಗೆ ಸರಿಯಾಗಿ ಒಣಗಿ ಅಂಟದಿದ್ದರೆ ಬಿಸಿ ಬಫರ್ ದ್ರಾವಣದಲ್ಲಿ ಎದ್ದು ತೇಲುತ್ತದೆ. ಅಡಿಕೆ ಸುಲಿದಿಟ್ಟು ಬಿಸಿಲಿಗೆ ಕಾಯುವವರ ಪಾಡೇ ನನ್ನದೂ. ಕೊನೆಗೆ 60 ಡಿಗ್ರಿ ಓವನ್ನಿನಲ್ಲಿ ಒಂದು ತಾಸು ಇಟ್ಟ ಮೇಲೆ ನಿಂತವು. ತುಂಡು ಕೆಡದಂತೆ ಹಾಕುವ ಫಾರ್ಮಲಿನ್ ಮುಚ್ಚಿಹಾಕಿದ ಪ್ರೋಟೀನನ್ನು ಆಂಟಿಬಾಡಿಗೆ ತೆರೆಯಲು ಸಾಧಾರಣ ಅಡುಗೆಮನೆಯ ಕುಕ್ಕರೇ ಸಾಕಾಯಿತು. ಎಷ್ಟು ಕೂಗು ಎಂದು ಎಣಿಸುವುದಕ್ಕಿಂತ ಪ್ರೆಷರ್ ಬಂದ ಮೇಲೆ ಗಡಿಯಾರ ನೋಡುವುದು ವಾಸಿ.

ಇಜಿಎಫ್ಆರ್ ಚೆನ್ನಾಗಿ ಬಂತು. ಗರ್ಭಕೊರಳಿನ ಮೇಲಿನ ಮಾಮೂಲಿ ಹೊದಿಕೆಯಲ್ಲಿ (ಎಪಿಥೀಲಿಯಮ್) ಅದು ತಳದ ಪದರದ ಜೀವಕೋಶಗಳ ಅಂಚಿನಲ್ಲಿ ಕಂದು ಗೆರೆಯಂತೆ ಕಾಣುತ್ತದೆ. ಕ್ಯಾನ್ಸರಿಗೆ ಮುಂಚಿನ ತೀವ್ರ ಹಂತವಾದ ಸಿಐಎನ್ 3 ಸ್ಲೈಡುಗಳಲ್ಲಿ ಆ ಗೆರೆ ಜೇನುಗೂಡಿನ ಹಾಗೆ ಮೇಲಿನ ಪದರಗಳವರೆಗೂ ಹಬ್ಬಿತ್ತು. ಈಸ್ಟ್ರೋಜನ್ ರಿಸೆಪ್ಟರ್ ಬಣ್ಣ ಬರುವುದು ಅಂಚಿಗಲ್ಲ, ನ್ಯೂಕ್ಲಿಯಸ್ಸಿಗೆ. ತೀರ್ಥಹಳ್ಳಿ ಕಡೆಯಿಂದ ಬಂದು ನಾವು ಮೇಣದಲ್ಲಿ ಕೂರಿಸಿದ ಕೆಲವು ತುಂಡುಗಳಲ್ಲಿ (ಬ್ಲಾಕುಗಳಲ್ಲಿ) ಅದು ಒಂದು ಚುಕ್ಕೆಯೂ ಇಲ್ಲ. ಹೋಲಿಕೆಗೆಂದು ಜೊತೆಗೆ ಓಡಿಸಿದ, ರಿಸೆಪ್ಟರ್ ಇದೆಯೆಂದು ಗೊತ್ತಿದ್ದ ಸ್ತನ ಕ್ಯಾನ್ಸರಿನ ಕಂಟ್ರೋಲ್ ಸ್ಲೈಡ್ ಮಾತ್ರ ಗಾಢ ಕಂದು. ಆಂಟಿಬಾಡಿ ಸರಿಯಿದೆ, ಅಂದರೆ ಲೆಸಿಯನ್ (ರೋಗ ಹಿಡಿದ ಭಾಗ) ರಿಸೆಪ್ಟರನ್ನು ಕಳೆದುಕೊಂಡಿದೆ! ಖುಷಿಯಿಂದ ಗೈಡ್ ಮೇಡಂ ಹತ್ತಿರ ಓಡಿದೆ.

ಅವರು ಹೊದಿಕೆಯನ್ನು ನೋಡಲೇ ಇಲ್ಲ. ಸ್ಲೈಡನ್ನು ಕೆಳಗೆ ಸರಿಸಿ, "ಸ್ಟ್ರೋಮಾ ನೋಡಿದ್ಯೇನೇ?" ಅಂದರು.

ನೋಡಿರಲಿಲ್ಲ. ಕ್ಯಾನ್ಸರಾದ ಹೊದಿಕೆ ಈಸ್ಟ್ರೋಜನ್ ರಿಸೆಪ್ಟರನ್ನು ಕಳೆದುಕೊಳ್ಳುವುದು ನಿಜ, ಆದರೆ ಅದರಡಿಯ ಆಧಾರ ಅಂಗಾಂಶವಾದ ಸ್ಟ್ರೋಮಾ ಸಾಮಾನ್ಯವಾಗಿ ಉಳಿಸಿಕೊಂಡಿರುತ್ತದೆ. ನನ್ನ ಸ್ಲೈಡಿನಲ್ಲಿ ಸ್ಟ್ರೋಮಾವೂ ಬರೀ ನೀಲಿ. ಕಂಟ್ರೋಲ್ ಸ್ಲೈಡ್ ಹೇಳುವುದು ಆ ದಿನದ ರಾಸಾಯನಿಕದ ಮಾತು. ಈ ತುಂಡು ನಮ್ಮ ಕೈಗೆ ಬರುವ ಮೊದಲು ಏನೇನು ಅನುಭವಿಸಿತು ಎಂಬುದು ಅದಕ್ಕೇನು ಗೊತ್ತು?

ತುಂಡು ಕಳಿಸಿದವರಿಗೆ ಫೋನ್ ಮಾಡಿ ವಿಚಾರಿಸಿದರೆ, ಫಾರ್ಮಲಿನ್ ಮುಗಿದಿತ್ತೆಂದು ರಾತ್ರಿಯಿಡೀ ಬರೀ ಉಪ್ಪುನೀರಾದ ಸಲೈನಿನಲ್ಲಿಟ್ಟು ಬೆಳಿಗ್ಗೆ ಬಸ್ಸಿಗೆ ಹಾಕಿದ್ದರಂತೆ. ಅಷ್ಟೂ ಬ್ಲಾಕುಗಳನ್ನು ಥೀಸಿಸ್ಸಿನಿಂದ ತೆಗೆದೆ. ಅಳುವೇ ಬಂದಿತ್ತು.

ಆಮೇಲೆ ತುಂಡಿನ ಜೊತೆ ಬರುವ ಫಾರಂನಲ್ಲಿ ಎರಡು ಖಾನೆ ಸೇರಿಸಿದೆ: ಕೊನೆಯ ಮುಟ್ಟಿನ ದಿನಾಂಕ ಮತ್ತು ಫಾರ್ಮಲಿನ್ನಿಗೆ ಹಾಕಿದ ಹೊತ್ತು. ಮೊದಲನೆಯದು ಯಾಕೆಂದರೆ ಹಾರ್ಮೋನ್ ಏರಿಳಿದಂತೆ ಈಸ್ಟ್ರೋಜನ್ ರಿಸೆಪ್ಟರೂ ಏರಿಳಿಯುತ್ತದೆ. ಇಪ್ಪತ್ತೈದರವಳನ್ನೂ ಮುಟ್ಟು ನಿಂತವಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಒಂದು ಮಾತು ಸೇರಿಸಬೇಕು. ಈಗ ದಿನನಿತ್ಯದ ರಿಪೋರ್ಟಿನಲ್ಲಿ ನಾನು ಈಸ್ಟ್ರೋಜನ್ ರಿಸೆಪ್ಟರ್, ಇಜಿಎಫ್ಆರ್ ಎರಡನ್ನೂ ಬರೆಯುವುದಿಲ್ಲ. ಸಿಐಎನ್ 2 ಹೌದೋ ಅಲ್ಲವೋ ಎಂಬ ಗೊಂದಲವಿದ್ದಾಗ ಕೈಹಿಡಿಯುವುದು ಪಿ16: ವೈರಸ್ಸಿನ ಇ7 ಪ್ರೋಟೀನು, ಜೀವಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಆರ್‌ಬಿ ಪ್ರೋಟೀನಿನ ಕೈಕಟ್ಟಿದಾಗ ಜೀವಕೋಶದಲ್ಲಿ ತುಂಬಿಕೊಳ್ಳುವ ಪ್ರೋಟೀನು. ಆದರೆ ಪಿ16 ಸ್ಲೈಡು ಖಾಲಿ ಬಂದರೂ ಬೇರೆ ಸ್ಲೈಡ್ ಹಾಕಿ ತುಂಡಿನ ಪೂರ್ವಾಪರ ನೋಡುವ ಚಟ ಹೋಗಿಲ್ಲ.

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಸಿಸ್ಟರ್ ಒಬ್ಬರ ಫೋನ್: "ಮೇಡಂ, ಫಾರ್ಮಲಿನ್ ಹಾಕಿದೀನಿ, ಟೈಮೂ ಬರ್ದಿದೀನಿ. ಬಸ್ ಮಾತ್ರ ಮಂಡಗದ್ದೆ ಹತ್ರ ಕೆಟ್ಟು ನಿಂತಿದೆಯಂತೆ."

"ನಿಲ್ಲಲಿ ಬಿಡಿ" ಅಂದೆ.