ಹಿತ್ತಲಲ್ಲಿ ಕೂತು ಮಾಡಿದ ಇಆರ್‌ಪಿ

ಕ್ಲಿನಿಕ್ ಬಿಟ್ಟು ಗೀಳು ಕಾಯಿಲೆ (ಒಸಿಡಿ) ಇರುವವರ ಮನೆಗೇ ಹೋಗಿ, ಭಯವನ್ನೇ ಎದುರಿಸಿ ತೊಳೆಯುವಂಥ ಕ್ರಿಯೆ ತಡೆದುಕೊಳ್ಳಲು ಕಲಿಸುವ ಚಿಕಿತ್ಸೆ, ಅಂದರೆ ಇಆರ್‌ಪಿ ಮಾಡುತ್ತೇನೆ ಅಂದಾಗ ಜೊತೆಯವರು, "ಪೆಟ್ರೋಲ್ ಖರ್ಚೂ ಗಿಟ್ಟಲ್ಲ ಬಿಡಿ" ಅಂದಿದ್ದರು. ಈಗ ಅವರೇ ಕೇಸ್ ಕಳಿಸುತ್ತಿದ್ದಾರೆ.

ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಒಬ್ಬ ಗೃಹಿಣಿಗೆ ಮೈಲಿಗೆಯ ಭಯ, ದಿನಕ್ಕೆ ಮೂರು ಗಂಟೆ ಸ್ನಾನ. ಈ ಕಾಯಿಲೆಯ ತೀವ್ರತೆ ಅಳೆಯುವ ವೈ-ಬಾಕ್ಸ್ ಸ್ಕೋರ್ 40ಕ್ಕೆ 31. ಕ್ಲಿನಿಕ್ಕಿನಲ್ಲಿ ನನ್ನ ಚಪ್ಪಲಿ ಅಟ್ಟೆ, ಕಸದ ಬುಟ್ಟಿ ಎಲ್ಲಾ ಮುಟ್ಟಿದರು. ಹದಿನಾರು ಸೆಷನ್ ಆದರೂ ಸ್ಕೋರ್ 29ಕ್ಕಿಂತ ಕೆಳಗೆ ಬರಲಿಲ್ಲ. ಆ ಹೊತ್ತಿಗೆ ಅವರದು ಇಪ್ಪತ್ತು ಸಾವಿರದ ಹತ್ತಿರ ಖರ್ಚಾಗಿತ್ತು. ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಕ್ಲಿನಿಕ್ಕಿಂದ ಮನೆಗೆ ಹೋದ ತಕ್ಷಣ ಆಕೆ ತಲೆಗೆ ನೀರು ಹಾಕಿಕೊಳ್ಳುತ್ತಿದ್ದರಂತೆ! ಇನ್ನೊಂದು ತಪ್ಪು ನನ್ನದೇ. ಉಸಿರಾಟ ಹೇಳಿಕೊಟ್ಟಿದ್ದೆ. ನಲ್ಲಿ ಮುಟ್ಟುವ ಮೊದಲು ಹನ್ನೊಂದು ಸಲ ಎಣಿಸಿ ಉಸಿರೆಳೆಯುವುದು ಹೊಸ ಕಂಪಲ್ಷನ್ (ಮಾಡದೆ ಇರಲಾಗದ ಕ್ರಿಯೆ) ಆಯಿತು.

ಮನೆಗೆ ಹೋದ ಮೊದಲ ದಿನವೇ ಕಾರಣ ಕಣ್ಣಿಗೆ ಬಿತ್ತು. ಬಚ್ಚಲ ಬಾಗಿಲಲ್ಲಿ ಗಂಡ ನಿಂತು "ಆಯ್ತು, ಶುದ್ಧ ಆಯ್ತು, ಬಾ" ಅನ್ನುತ್ತಿದ್ದರು. ದಿನಕ್ಕೆ ಹತ್ತು ಸಲವಾದರೂ. ಅದನ್ನು ನಿಲ್ಲಿಸಿ "ಗೊತ್ತಿಲ್ಲ, ನೋಡೋಣ" ಅನ್ನಲು ಕಲಿಸಿದೆ. ಅವರಿಗೆ ಹೇಳಿಕೊಟ್ಟ ಇನ್ನೊಂದು ಉಪಾಯ ಇದೆ, ಇಲ್ಲಿ ಬರೆಯಲ್ಲ. ಸುಮ್ನೆ ಓದಿ ಬಳಸಿದರೆ ಕೆಲಸ ಕೆಡುತ್ತದೆ.

ಈ ಚಿಕಿತ್ಸೆಗೆ ದಾರಿ ತೋರಿದ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ 1966ರಲ್ಲಿ ವರದಿ ಮಾಡಿದ ಕೇಸಲ್ಲಿ, ಆಸ್ಪತ್ರೆಯಲ್ಲಿ ರೋಗಿಯ ನಲ್ಲಿ ನೀರನ್ನೇ ನಿಲ್ಲಿಸಿದ್ದರಲ್ವಾ? ಈಕೆಯ ಒಪ್ಪಿಗೆ ತಗೊಂಡು ನಾನೂ ಟ್ಯಾಂಕಿನ ವಾಲ್ವ್ ಬಂದ್ ಮಾಡಿಸಿ ನೋಡಿದೆ. ಬೆಳಿಗ್ಗೆಯೇ ನಾಲ್ಕು ಬಕೆಟ್ ತುಂಬಿಸಿಟ್ಟುಕೊಂಡಿದ್ದರು. ಅಲ್ಲಿಗೆ ಅದನ್ನು ಕೈಬಿಟ್ಟೆ.

ಕೊನೆಗೆ ಫಲ ಕೊಟ್ಟಿದ್ದು ಪೊರಕೆ. ಹಿತ್ತಲ ಕಟ್ಟೆ ಮೇಲೆ ಇಬ್ಬರೂ ಕೂತೆವು. ಪೊರಕೆ ಹಿಡಿದ ಕೈಯನ್ನು ಅಕ್ಕಿ ಡಬ್ಬಕ್ಕೆ, ಸೆರಗಿಗೆ, ದಿಂಬಿಗೆ ಒರೆಸಿದರು. "ಮೇಡಂ, ಇದೇ ಕೈಯಲ್ಲಿ ಅನ್ನ ಕಲಸಬೇಕಾ?" ಅಂದರು. ನಾನು ಮೊದಲು ಪೊರಕೆ ಹಿಡಿದು ಕಲಸಿ ತಿಂದೆ. ಎರಡು ಸಲ ನಲ್ಲಿ ಕಡೆಗೆ ಎದ್ದವರು ವಾಪಸ್ ಬಂದು ಕೂತರು. ನಲವತ್ತು ನಿಮಿಷ ಆದ ಮೇಲೆ ತುತ್ತು ಬಾಯಿಗೆ ಹೋಯಿತು. ಬೆರಳು ಇನ್ನೂ ನಡುಗುತ್ತಿತ್ತು.

ನಮ್ಮನ್ನು ಖುಷಿಪಡಿಸಲು ಸ್ಕೋರ್ ಕಡಿಮೆ ಹೇಳುವವರು ಜಾಸ್ತಿ. ಅದಕ್ಕೇ ಸೋಪನ್ನೂ ಎಣಿಸಿದೆ. ತಿಂಗಳಿಗೆ ಒಂಬತ್ತು ಇದ್ದದ್ದು ಎರಡಕ್ಕೆ ಬಂತು, ವಾರಕ್ಕೊಂದು ಟ್ಯಾಂಕರ್ ತರಿಸುವುದೂ ನಿಂತಿತು. ಮೂರು ತಿಂಗಳಿಗೆ ವೈ-ಬಾಕ್ಸ್ 13. ಶೇ. 35 ಇಳಿದರೆ ಸಾಕು ಅನ್ನುತ್ತೇವೆ, ಇಲ್ಲಿ ಅರ್ಧಕ್ಕಿಂತ ಜಾಸ್ತಿ ಇಳಿದಿದೆ. ಮಾತ್ರೆಯ ಡೋಸ್ ಮೊದಲಿಂದಲೂ ಅದೇ. ಹೋಗಿಬರುವ ಖರ್ಚು ಸೇರಿ ಒಂಬತ್ತು ಸಾವಿರದೊಳಗೆ ಮುಗಿಯಿತು.

ದೇವರ ಮನೆ ಮಾತ್ರ ಬಾಕಿ. ದೀಪಾವಳಿ ಕಳೀಲಿ, ಆಮೇಲೆ ಮುಟ್ಟೋಣ ಅಂದಿದ್ದಾರೆ.